ತಾಯಿ ಮರ ನೋಡುವವರು ತಾಯಿ ನಾಯಿಯನ್ನೂ ನೋಡಬೇಕು

ಅಡಿಕೆ ಸಸಿ ನೆಡುವ ಯೋಚನೆ ಬಂದಾಗ ನಮ್ಮ ಬೆಳೆಗಾರ ಬಂಧುಗಳು ಎಷ್ಟು ಎಚ್ಚರ ವಹಿಸುತ್ತಾರೆಂಬುದು ಎಲ್ಲರಿಗೂ ತಿಳಿದ ವಿಷಯ. ತಾಯಿ ಮರ ಯಾವುದು, ಅದು ಎಷ್ಟು ವರ್ಷದ್ದು, ಪ್ರತಿ ವರ್ಷ ತಪ್ಪದೆ ಫಸಲು ಕೊಡುತ್ತದೆಯೇ, ಹಿಂಗಾರದಲ್ಲಿ ಕಾಯಿ ಎಷ್ಟು ನಿಲ್ಲುತ್ತದೆ ಎಂದು ಹತ್ತು ಕಡೆ ವಿಚಾರಿಸುತ್ತೇವೆ. ಬಿತ್ತನೆಯ ಹಣ್ಣಡಿಕೆಯನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನೇ ಆರಿಸುತ್ತೇವೆ. ಕಾಫಿ ಬೀಜಕ್ಕಾದರೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಬೀಜವೇ ಬೇಕೆಂದು ಮುಂಚಿತವಾಗಿ ಕೇಳಿಕೊಂಡು ಕಾಯುತ್ತೇವೆ. ಸಂತೆಯಲ್ಲಿ ಯಾರೋ ಅಪರಿಚಿತ ಬುಟ್ಟಿಯಲ್ಲಿಟ್ಟು ಮಾರುವ ಸಸಿಯನ್ನು ತಂದು ತೋಟಕ್ಕೆ ಇಡುವವರು ನಮ್ಮಲ್ಲಿ ಇಲ್ಲವೆಂದರೂ ಸರಿ.

ಆದರೆ ಇದೇ ಬೆಳೆಗಾರರು ಮನೆಗೊಂದು ನಾಯಿ ಬೇಕೆಂದಾಗ ಈ ವಿವೇಕವನ್ನೆಲ್ಲ ಮನೆಯಲ್ಲೇ ಬಿಟ್ಟು ಹೊರಡುವುದನ್ನು ನಾವು ಕಾಣುತ್ತಿದ್ದೇವೆ. ಮೊಬೈಲಿನಲ್ಲಿ ಬಂದ ಒಂದು ಚಿತ್ರ ನೋಡಿ ಮುಂಗಡ ಕಳಿಸುತ್ತಾರೆ. ಮರಿ ಬಸ್ ಸ್ಟ್ಯಾಂಡಿಗೋ ಹೆದ್ದಾರಿಯ ಚಹಾದಂಗಡಿಗೋ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ. ಆ ಮರಿಯ ತಾಯಿ ಯಾವುದು, ಎಲ್ಲಿದೆ, ಹೇಗಿದೆ ಎಂದು ಕೇಳಿದವರು ಅಪರೂಪ. ಸಸಿ ತಪ್ಪಾದರೆ ಕಿತ್ತು ಬೇರೆ ನೆಡಬಹುದು. ನಾಯಿ ಹತ್ತು ಹನ್ನೆರಡು ವರ್ಷ ನಮ್ಮ ಮಕ್ಕಳ ನಡುವೆ, ಆಳುಕಾಳುಗಳ ನಡುವೆ, ಹಟ್ಟಿಯ ದನಗಳ ನಡುವೆ ಓಡಾಡಿಕೊಂಡಿರುವ ಜೀವ.

ಕಾಫಿ, ಅಡಿಕೆ, ಮೆಣಸಿನ ವಿಚಾರಕ್ಕೆ ಮೀಸಲಾದ ಈ ವಾರ್ತಾಪತ್ರದಲ್ಲಿ ನಾಯಿಯ ಪುರಾಣವೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮ ಕೊನೆಯ ಪುಟದ 'ಮಾರಾಟಕ್ಕಿದೆ' ಅಂಕಣಕ್ಕೆ ಈಚೆಗೆ ಹಳೆಯ ಪಂಪ್‌ಸೆಟ್ಟು, ಪಲ್ಪರ್, ಮೆಣಸಿನ ಬಳ್ಳಿಯ ಪ್ರಕಟಣೆಗಳ ಜೊತೆಗೆ ನಾಯಿ ಮರಿಗಳ ಪ್ರಕಟಣೆಗಳೂ ಬರತೊಡಗಿವೆ. ಕೆಲವನ್ನು ಸದಸ್ಯರೇ ಕಳಿಸಿದ್ದಾರೆ. ಕೆಲವು ಸದಸ್ಯರ ಹೆಸರಿನಲ್ಲಿ ಹೊರಗಿನ ವ್ಯಾಪಾರಿಗಳಿಂದ ಬಂದವು. ಇವನ್ನು ಅಚ್ಚು ಮಾಡಬೇಕೇ ಬೇಡವೇ ಎಂಬ ಪ್ರಶ್ನೆ ಸಂಘದ ಮುಂದಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಷರತ್ತಿಲ್ಲದೆ ಅಚ್ಚು ಮಾಡಬಾರದು. ಏಕೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೇಜವಾಬ್ದಾರಿಯ ಬೆಲೆ ತೆರುವವರು ಯಾರು?

ನಾಯಿ ಮರಿಯ ಮೊದಲ ಎಂಟು ವಾರಗಳು ಸಸಿಯ ಪಾತಿಯ ದಿನಗಳಿದ್ದ ಹಾಗೆ. ಗಬ್ಬ ನಿಂತ ನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಹುಟ್ಟಿದ ಮರಿಗೆ ರೋಗ ತಡೆಯುವ ಮೊದಲ ಶಕ್ತಿ ಬರುವುದು ತಾಯಿಯ ಗಿಣ್ಣು ಹಾಲಿನಿಂದ. ಮೂರನೆಯ ವಾರದಿಂದ ಅದು ತಾಯಿ ಮತ್ತು ಒಡಹುಟ್ಟಿದವುಗಳೊಡನೆ ಆಡುತ್ತಾ, ಎಷ್ಟು ಗಟ್ಟಿಯಾಗಿ ಕಚ್ಚಿದರೆ ಇನ್ನೊಂದಕ್ಕೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಮನುಷ್ಯರ ಕೈ, ಮಕ್ಕಳ ಗಲಾಟೆ, ಪಾತ್ರೆಯ ಸದ್ದು ಇವಕ್ಕೆಲ್ಲ ಹೆದರದೆ ಹೊಂದಿಕೊಳ್ಳುವ ಕಾಲವೂ ಮೂರರಿಂದ ಹನ್ನೆರಡು ವಾರಗಳ ನಡುವಿನದೇ. ನಾಲ್ಕೈದು ವಾರಕ್ಕೇ ತಾಯಿಯಿಂದ ಬಿಡಿಸಿ, ಕತ್ತಲೆ ಗೂಡಿನಲ್ಲಿಟ್ಟು, ಪೆಟ್ಟಿಗೆಯಲ್ಲಿ ಸಾಗಿಸಿದ ಮರಿಗೆ ಈ ಪಾಠ ಆಗಿರುವುದಿಲ್ಲ. ಮುಂದೆ ಅದು ಅಂಜುಬುರುಕ ನಾಯಿಯಾಗಬಹುದು. ಅಂಜುವ ನಾಯಿ ಕಚ್ಚುವ ಸಂಭವ ಹೆಚ್ಚು. ಕಚ್ಚಿಸಿಕೊಳ್ಳುವವರು ಹೆಚ್ಚಾಗಿ ಯಾರು? ಕಣದಲ್ಲಿ ಆಡುವ ನಮ್ಮ ಮಕ್ಕಳು, ಲೈನು ಮನೆಯ ಮಕ್ಕಳು, ಬೆಳಿಗ್ಗೆ ಕೆಲಸಕ್ಕೆ ಬರುವ ಹೆಂಗಸರು.

ರೋಗದ ಮಾತು ಇನ್ನೂ ಮುಖ್ಯ. ಪಾರ್ವೋ ಎಂಬ ವೈರಸ್ ರೋಗ ಪ್ರಪಂಚದಲ್ಲಿ ಕಾಣಿಸಿಕೊಂಡದ್ದು 1970ರ ದಶಕದ ಕೊನೆಯಲ್ಲಿ. ರಕ್ತಭೇದಿ, ವಾಂತಿಯಿಂದ ಮರಿಗಳು ಎರಡು ಮೂರು ದಿನದಲ್ಲೇ ಸಾಯುವುದುಂಟು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಹೆಚ್ಚಾಗಿ ನಾಲ್ಕಾರು ದಿನ, ಕೆಲವೊಮ್ಮೆ ಒಂದು ವಾರಕ್ಕೂ ಮೀರಿ ಹಿಡಿಯುತ್ತದೆ. ಆದ್ದರಿಂದ ಕೊಳ್ಳುವ ದಿನ ಚಿನ್ನದ ಹಾಗೆ ಕುಣಿಯುವ ಮರಿ ಮುಂದಿನ ವಾರ ಮಲಗಿಬಿಡುತ್ತದೆ. ಮಾರಿದವನನ್ನು ಕೇಳಿದರೆ, "ನಮ್ಮಲ್ಲಿದ್ದಾಗ ಚೆನ್ನಾಗಿತ್ತು ಸಾರ್, ನೀವೇನೋ ತಿನ್ನಿಸಿದ್ದೀರಿ" ಎನ್ನುತ್ತಾನೆ. ಮೂರನೆಯ ದಿನಕ್ಕೆ ಅವನ ಫೋನೇ ಹತ್ತುವುದಿಲ್ಲ. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ ಈ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸತ್ತ ಮರಿಯ ಜಾಗಕ್ಕೆ ಬೇಸರ ಕಳೆಯಲೆಂದು ಕೂಡಲೇ ಇನ್ನೊಂದು ಮರಿ ತಂದರೆ, ಅಣಬೆ ರೋಗದ ಮರ ತೆಗೆದ ಗುಂಡಿಯಲ್ಲೇ ಹೊಸ ಅಡಿಕೆ ಸಸಿ ಇಟ್ಟ ಹಾಗಾಗುತ್ತದೆ. ಸಿಮೆಂಟಿನ ನೆಲವನ್ನು ತೊಳೆದು ಬ್ಲೀಚಿಂಗ್ ಪುಡಿಯ ನೀರು ಹಾಕಬಹುದು. ಮಣ್ಣಿನ ಅಂಗಳಕ್ಕೆ ಆ ಉಪಾಯ ಅಷ್ಟಾಗಿ ಫಲಿಸದು.

ಗುರುತಿಸುವುದು ಹೇಗೆ?

ಬೇಜವಾಬ್ದಾರಿಯ ಮಾರಾಟಗಾರನನ್ನು ಗುರುತಿಸಲು ಪಂಡಿತರಾಗಬೇಕಿಲ್ಲ. ಅವನಲ್ಲಿ ಯಾವಾಗ ಕೇಳಿದರೂ ಮರಿ ಸಿದ್ಧವಿರುತ್ತದೆ. ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್, ಪಗ್, ಹಸ್ಕಿ ಎಂದು ಕೇಳಿದ ತಳಿಯೆಲ್ಲ ಅವನಲ್ಲಿದೆ. ತಾಯಿಯನ್ನು ತೋರಿಸಿ ಎಂದರೆ, "ಅದು ಊರಲ್ಲಿದೆ", "ಅದು ಹೊಸಬರನ್ನು ಕಂಡರೆ ಆಗುವುದಿಲ್ಲ" ಎಂಬ ನೆವ ಬರುತ್ತದೆ. ಮನೆಗೆ ಬರುತ್ತೇವೆಂದರೆ, ನಿಮಗೇಕೆ ತೊಂದರೆ, ನಾವೇ ತಲುಪಿಸುತ್ತೇವೆ ಎನ್ನುತ್ತಾನೆ. 'ಡಬಲ್ ಬೋನ್', 'ಶೋ ಕ್ವಾಲಿಟಿ', 'ಚಾಂಪಿಯನ್ ವಂಶ' ಎಂಬ ದೊಡ್ಡ ಮಾತುಗಳಿಗೆ ಕೊರತೆಯಿಲ್ಲ, ಆದರೆ ಲಸಿಕೆಯ ಕಾರ್ಡಿನಲ್ಲಿ ಪಶುವೈದ್ಯರ ಸಹಿಯಾಗಲಿ, ಲಸಿಕೆಯ ಸೀಸೆಯ ಚೀಟಿಯಾಗಲಿ ಇರುವುದಿಲ್ಲ. ಮರಿಯ ವಯಸ್ಸನ್ನು ಎರಡು ತಿಂಗಳೆನ್ನುತ್ತಾನೆ, ಬಾಯಿ ತೆರೆದು ನೋಡಿದರೆ ಹಾಲುಹಲ್ಲು ಇನ್ನೂ ಪೂರ್ತಿ ಬಂದಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅವನು ನಿಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಹಣ ಎಂದು ಕೊಡುತ್ತೀರಿ ಎಂಬುದೊಂದೇ ಅವನಿಗೆ ಬೇಕಾದದ್ದು.

ಜವಾಬ್ದಾರಿಯುಳ್ಳವರ ನಡತೆಯೇ ಬೇರೆ. ಅವರು ಒಂದು, ಹೆಚ್ಚೆಂದರೆ ಎರಡು ತಳಿಗಳನ್ನು ಸಾಕಿರುತ್ತಾರೆ. ಮರಿ ಬೇಕೆಂದರೆ ಮುಂದಿನ ಸೂಲಿನವರೆಗೆ ಕಾಯಿರಿ ಎನ್ನುತ್ತಾರೆ. ತಾಯಿ ನಾಯಿ ಅಲ್ಲೇ ಮರಿಗಳ ಜೊತೆ ಇರುತ್ತದೆ. ಅದರ ಮೈಕಟ್ಟು, ಕೂದಲು, ಕಣ್ಣು, ಅಪರಿಚಿತರ ಬಳಿ ಅದು ನಡೆದುಕೊಳ್ಳುವ ರೀತಿ ಎಲ್ಲವನ್ನೂ ನೀವು ನೋಡಬಹುದು. ಮರಿಗಳಿಗೆ ಎರಡನೆಯ ವಾರದಿಂದ ಜಂತುಹುಳುವಿನ ಔಷಧ ಯಾವ ಯಾವ ದಿನ ಕೊಟ್ಟೆವೆಂದು ಬರೆದಿಟ್ಟಿರುತ್ತಾರೆ. ತಮ್ಮ ತಳಿಯ ದೋಷವನ್ನು ಮುಚ್ಚಿಡದೆ ಹೇಳುತ್ತಾರೆ. ತಿರುಗಿ ನಿಮ್ಮನ್ನೂ ವಿಚಾರಿಸುತ್ತಾರೆ: ನಾಯಿಯನ್ನು ಎಲ್ಲಿ ಮಲಗಿಸುತ್ತೀರಿ, ದಿನವೆಲ್ಲ ಕಟ್ಟಿ ಹಾಕುತ್ತೀರಾ, ಮಳೆಗಾಲದಲ್ಲಿ ಹೇಗೆ, ಹತ್ತಿರ ಪಶುವೈದ್ಯರಿದ್ದಾರೆಯೇ ಎಂದು. ಉತ್ತರ ಹಿಡಿಸದಿದ್ದರೆ ಹಣ ತೋರಿಸಿದರೂ ಮರಿ ಕೊಡುವುದಿಲ್ಲ. ಇದನ್ನು ಕೆಲವರು ಜಂಬವೆಂದು ತಿಳಿಯುತ್ತಾರೆ. ನಿಮ್ಮ ತೋಟದ ನೆರಳೆಷ್ಟು, ನೀರೆಷ್ಟು ಎಂದು ಕೇಳಿ ಸಸಿ ಕೊಡುವ ನರ್ಸರಿಯವನನ್ನು ನಾವು ಜಂಬಗಾರನೆನ್ನುವುದಿಲ್ಲವಷ್ಟೆ? ಕೊನೆಯದಾಗಿ, ಯಾವ ಕಾರಣದಿಂದಾದರೂ ನಿಮಗೆ ಸಾಕಲಾಗದಿದ್ದರೆ ದಾರಿಯಲ್ಲಿ ಬಿಡಬೇಡಿ, ನಮಗೇ ಹಿಂದಕ್ಕೆ ಕೊಡಿ ಎಂಬ ಮಾತನ್ನು ಅವರೇ ಹೇಳುತ್ತಾರೆ. ಈ ಒಂದು ಮಾತು ಉಳಿದೆಲ್ಲ ಗುರುತುಗಳಿಗಿಂತ ದೊಡ್ಡ ಗುರುತೆಂದು ನಾವು ಭಾವಿಸುತ್ತೇವೆ.

ದೊಡ್ಡ ಗೂಡು, ಬಣ್ಣದ ಬೋರ್ಡು ಇದ್ದವರೆಲ್ಲ ಜವಾಬ್ದಾರರೂ ಅಲ್ಲ, ಒಂದೇ ಹೆಣ್ಣು ನಾಯಿ ಸಾಕಿದ ಬಡ ಬೆಳೆಗಾರ ಬೇಜವಾಬ್ದಾರನೂ ಅಲ್ಲ. ಬಂಡವಾಳಕ್ಕೂ ಗುಣಕ್ಕೂ ಸಂಬಂಧವಿಲ್ಲ.

ಕಾಗದ ಪತ್ರದ ಬೆಲೆಯೆಷ್ಟು?

ಚೆನ್ನೈಯಲ್ಲಿ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರವಿದೆ ಎಂದ ಕೂಡಲೇ ಹಲವರು ನಿಶ್ಚಿಂತರಾಗುತ್ತಾರೆ. ಆ ಪತ್ರ ತಂದೆ ತಾಯಿ ಯಾರೆಂಬುದನ್ನು ತಿಳಿಸುವ ವಂಶಾವಳಿ. ಅದು ಆರೋಗ್ಯದ ಪ್ರಮಾಣಪತ್ರವಲ್ಲ. ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ದೋಷ ವಂಶದಿಂದ ಬರುತ್ತದೆ. ಮರಿಯಲ್ಲಿ ಅದು ಕಣ್ಣಿಗೆ ಕಾಣದು. ತಂದೆ ತಾಯಿಗಳ ಎಕ್ಸ್‌ರೇ ತೆಗೆಸಿದ್ದೀರಾ ಎಂದು ಕೇಳುವುದೇ ಕೊಳ್ಳುವವನಿಗಿರುವ ದಾರಿ. ವಂಶಾವಳಿ ಓದಲು ಬಂದರೆ ಇನ್ನೊಂದು ಲಾಭವಿದೆ. ಒಂದೇ ಹೆಸರು ಅಪ್ಪನ ಕಡೆಯೂ ಅಮ್ಮನ ಕಡೆಯೂ ಹತ್ತಿರದಲ್ಲೇ ಮರುಕಳಿಸಿದ್ದರೆ ರಕ್ತಸಂಬಂಧದಲ್ಲೇ ಕೂಡಿಸಿದ್ದಾರೆಂದು ಅರ್ಥ. ಒಡಹುಟ್ಟಿದ ಗಂಡು ಹೆಣ್ಣನ್ನು ಕೂಡಿಸಿದರೆ, ಮರಿಯ ಯಾವುದೇ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಂದೇ ಮೂಲದಿಂದ ಬಂದಿರುವ ಸಂಭವ ನೂರಕ್ಕೆ 25. ಅಡಗಿದ್ದ ದೋಷಗಳು ಹೊರಬೀಳುವುದು ಹೀಗೆ.

ಇನ್ನು ಕಾನೂನು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ನಾಯಿ ತಳಿ ಬೆಳೆಸುವಿಕೆ ಮತ್ತು ಮಾರಾಟದ ನಿಯಮಗಳು ಜಾರಿಗೆ ಬಂದವು. ಮಾರುವ ಉದ್ದೇಶದಿಂದ ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. 18 ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಪಡೆಯಕೂಡದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಹಾಕಿಸಕೂಡದು. ಲಸಿಕೆ, ಮೈಕ್ರೋಚಿಪ್, ದಾಖಲೆ ಪುಸ್ತಕ ಎಲ್ಲವೂ ಕಡ್ಡಾಯ. ಅಂಗಡಿಗಳಿಗೆ 2018ರಲ್ಲಿ ಬೇರೆ ನಿಯಮಗಳೇ ಬಂದಿವೆ. ನಾಯಿ ಸಾಧಾರಣವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಪ್ರತಿ ಬೆದೆಗೂ ಕೂಡಿಸಿ ಮರಿ ಹಾಕಿಸುವವರನ್ನು ನಿಯಮ ತಡೆದಿರುವುದು ಇದಕ್ಕೇ. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಕೊಳ್ಳುವವನು ನೋಂದಣಿ ಸಂಖ್ಯೆ ಕೇಳಿದಾಗಲೇ ಅದಕ್ಕೆ ಜೀವ ಬರುವುದು.

ತೋಟಕ್ಕೆ ಎಂಥ ನಾಯಿ?

ಒಳ್ಳೆಯವರಿಂದ ಕೊಂಡರೂ ತಪ್ಪು ತಳಿಯಾದರೆ ಪ್ರಯೋಜನವಿಲ್ಲ. ಹಿಮದ ನಾಡಿನ ದಟ್ಟ ಕೂದಲಿನ ನಾಯಿಯನ್ನು ನಮ್ಮ ಜಡಿಮಳೆಗೆ ತಂದರೆ ಆಷಾಢದಲ್ಲಿ ಅದರ ಮೈ ಒಣಗುವುದೇ ಇಲ್ಲ, ಚರ್ಮದ ಹುಣ್ಣು ತಪ್ಪುವುದಿಲ್ಲ. ಮಳೆ ಬಿಟ್ಟರೆ ಕೂದಲೊಳಗೆ ಉಣುಗು. ಉಣುಗಿನಿಂದ ನಾಯಿಗೆ ಬರುವ ಜ್ವರ ರಕ್ತವನ್ನೇ ಹಾಳು ಮಾಡುವಂಥದು. ಮೊಂಡು ಮೂಗಿನ ಪಗ್ ಬೇಸಿಗೆಯಲ್ಲಿ ಉಸಿರಾಡಲೇ ಕಷ್ಟಪಡುತ್ತದೆ. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ, ಸಂಶಯವಿಲ್ಲ. ಘೋರ್ಪಡೆ ಅರಸರು ಪೋಷಿಸಿದ ಈ ತಳಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ದೊರಕಿತು. ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಮುಧೋಳವೇ ಬೇಕೆನ್ನುವವರು ದಾರಿಬದಿಯ ಬುಟ್ಟಿಯನ್ನು ನಂಬದೆ ಮೊದಲು ಅಲ್ಲಿ ವಿಚಾರಿಸಲಿ. ಆದರೆ ಅದು ಬಯಲುಸೀಮೆಯಲ್ಲಿ ಕಣ್ಣಿನಿಂದ ಬೇಟೆ ಗುರುತಿಸಿ ಓಡಲೆಂದೇ ಬೆಳೆದ ನಾಯಿ. ಕಾಫಿ ಗಿಡಗಳ ಇಕ್ಕಟ್ಟಿನಲ್ಲಿ, ಬೇಲಿ ತಂತಿಗಳ ನಡುವೆ ಅದಕ್ಕೆ ಓಡಲು ಎಡೆಯೆಲ್ಲಿ? ಕಾಡಂಚಿನಲ್ಲಿ ಅದು ಮೊಲ, ಜಿಂಕೆಯ ಹಿಂದೆ ಬಿದ್ದರೆ 1972ರ ವನ್ಯಜೀವಿ ಕಾಯ್ದೆಯ ತೊಡಕೂ ಬಂದೀತು.

ನೋಡಿದವರು ಹೆದರಲಿ ಎಂದು ರಾಟ್‌ವೈಲರ್, ಪಿಟ್‌ಬುಲ್‌ನಂಥ ನಾಯಿಗಳನ್ನು ತರುವವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮಾರಾಟ, ಸಾಕಣೆಗೆ ತಡೆಯೊಡ್ಡುವ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ನಮ್ಮ ಹೈಕೋರ್ಟು ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಸುತ್ತೋಲೆ ಬಿದ್ದುಹೋದ ಮಾತ್ರಕ್ಕೆ ಸಾಕುವವನ ಹೊಣೆ ಬಿದ್ದುಹೋಗುವುದಿಲ್ಲ. ಆಳು, ನೆಂಟರು, ಕಾಫಿ ಕೊಳ್ಳಲು ಬರುವವರು ಸದಾ ಓಡಾಡುವ ಅಂಗಳಕ್ಕೆ ಇಂಥ ನಾಯಿ ತಕ್ಕುದಲ್ಲ. ತಂದವರು ಕೊನೆಗೆ ಹಗಲಿರುಳು ಸರಪಳಿಯಲ್ಲಿ ಬಿಗಿಯುತ್ತಾರೆ. ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದೂ 1960ರ ಕಾಯ್ದೆಯಲ್ಲಿ ಕ್ರೌರ್ಯವೇ ಆಗಿದೆ.

ಬಹುಪಾಲು ಸಣ್ಣ ತೋಟಗಳಿಗೆ ನಮ್ಮೂರಿನ ನಾಡು ನಾಯಿಯೇ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಳೆ ತಡೆಯುತ್ತದೆ, ಮನೆಯಲ್ಲಿದ್ದದ್ದನ್ನು ಉಣ್ಣುತ್ತದೆ, ಗೇಟಿನ ಬಳಿ ಸದ್ದಾದರೆ ತಿಳಿಸುತ್ತದೆ. ಚಿರತೆಯ ಕಾಟವಿರುವ ಕಡೆ ಯಾವ ತಳಿಯಾದರೂ ರಾತ್ರಿ ಒಳಗೆ ಮಲಗಿಸಲೇಬೇಕು. ಆನೆ ಓಡಾಡುವ ತೋಟದಲ್ಲಿ ನಾಯಿಯನ್ನು ಮುಂದೆ ಬಿಟ್ಟುಕೊಂಡು ಹೋಗುವುದೂ ಅಪಾಯ. ಬೊಗಳಿ ಕೆಣಕಿದ ನಾಯಿ ಹೆದರಿ ಓಡಿ ಬರುವುದು ಯಜಮಾನನ ಕಾಲ ಬಳಿಗೇ, ಬೆನ್ನ ಹಿಂದೆ ಆನೆ.

ಯಾವ ನಾಯಿಯಾದರೂ ಲಸಿಕೆಯ ಮಾತು ಒಂದೇ. ಆರರಿಂದ ಎಂಟು ವಾರದಲ್ಲಿ ಪಾರ್ವೋ ಮುಂತಾದ ರೋಗಗಳ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುವುದುಂಟು. ನಾಯಿ, ಮರಿಯಾದರೂ ಸರಿಯೇ, ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತಬಾರದು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಮದ್ದಿಲ್ಲ.

ಮರಿ ಮಾರುವ ಸದಸ್ಯರಿಗೆ ಎರಡು ಮಾತು

ಕೊಳೆ ರೋಗ ಬಂದ ವರ್ಷ, ಬೆಲೆ ಬಿದ್ದ ವರ್ಷ ಉಪ ಆದಾಯದ ಆಸೆ ಎಲ್ಲರಿಗೂ ಬರುವಂಥದೇ. ಅದನ್ನು ನಾವು ತಪ್ಪೆನ್ನಲಾರೆವು. ಆದರೆ ನಾಯಿಯನ್ನು ಮರಿ ಹಾಕುವ ಯಂತ್ರವಾಗಿ ನೋಡಿ ಲೆಕ್ಕ ಹಾಕುವವರು ಲೆಕ್ಕವನ್ನು ಪೂರ್ತಿಯಾಗಿ ಹಾಕಲಿ. ನೋಂದಣಿ, ತಂದೆ ತಾಯಿಗಳ ಪರೀಕ್ಷೆ, ಗಬ್ಬದ ನಾಯಿಯ ಆಹಾರ, ಕಷ್ಟದ ಹೆರಿಗೆಯಾದರೆ ಶಸ್ತ್ರಚಿಕಿತ್ಸೆ, ಎಂಟು ವಾರ ಎಂಟು ಮರಿಗಳ ಹಾಲು, ಔಷಧ, ಲಸಿಕೆ, ಮಾರಾಟವಾಗದೆ ಉಳಿದ ಮರಿಗಳ ಸಾಕಣೆ ಇಷ್ಟನ್ನೂ ಬರೆದು ಕೂಡಿಸಿದರೆ ಲಾಭದ ಅಂಕಣ ತೆಳ್ಳಗಾಗುತ್ತದೆ. ಲಾಭ ದಪ್ಪಗೆ ಕಂಡಲ್ಲಿ ಇವುಗಳಲ್ಲಿ ಯಾವುದನ್ನೋ ಬಿಟ್ಟಿದ್ದಾರೆಂದೇ ತಿಳಿಯಬೇಕು. ಬಿಟ್ಟದ್ದರ ಭಾರ ಕೊಂಡವನ ಮನೆಗೆ, ಕೊನೆಗೆ ಊರಿಗೆ ಬೀಳುತ್ತದೆ. ಪಟ್ಟಣದವರು ಬೇಡವಾದ ಜಾತಿ ನಾಯಿಗಳನ್ನು ಕಾರಿನಲ್ಲಿ ತಂದು ನಮ್ಮ ಘಟ್ಟದ ರಸ್ತೆಗಳಲ್ಲಿ ಇಳಿಸಿ ಹೋಗುವುದನ್ನು ಕಂಡು ನಾವು ಬೈಯುತ್ತೇವೆ. ಆ ನಾಯಿಗಳಲ್ಲಿ ಒಂದು ನಮ್ಮ ಸದಸ್ಯರ ಅಂಗಳದಲ್ಲಿ ಹುಟ್ಟಿ ಹೋದದ್ದಾಗಿರಬಾರದು.

ಇಷ್ಟೆಲ್ಲ ಷರತ್ತು ಹಾಕಿದರೆ ಬೆಲೆ ಏರುತ್ತದೆ, ಸಣ್ಣ ಬೆಳೆಗಾರನಿಗೆ ನಾಯಿಯೇ ಸಿಗದು ಎಂಬ ಆಕ್ಷೇಪ ಬರಬಹುದು. ಜಾತಿ ನಾಯಿಯ ಬೆಲೆ ಏರಬಹುದು, ನಿಜ. ಆದರೆ ಅಗ್ಗದ ಮರಿ ಕೊಂಡು ಆಸ್ಪತ್ರೆಗೆ ಅದರ ನಾಲ್ಕರಷ್ಟು ಸುರಿದವರನ್ನು ಕೇಳಿದರೆ ಅಗ್ಗ ಯಾವುದೆಂದು ತಿಳಿದೀತು. ಅಷ್ಟು ಕೊಡಲಾಗದವರಿಗೆ ನೆರೆಮನೆಯ ನಾಡು ನಾಯಿಯ ಮರಿ ಇದ್ದೇ ಇದೆ. ಅದಕ್ಕೂ ಎಂಟು ವಾರ ತಾಯಿಯ ಹಾಲು ಬೇಕು, ಲಸಿಕೆ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಆದ್ದರಿಂದ 'ಮಾರಾಟಕ್ಕಿದೆ' ಅಂಕಣಕ್ಕೆ ಈ ಕೆಳಗಿನ ಷರತ್ತುಗಳನ್ನು ಮುಂದಿನ ಸರ್ವ ಸದಸ್ಯರ ಸಭೆಯ ಮುಂದಿಡಲು ನಾವು ಇಚ್ಛಿಸುತ್ತೇವೆ.

1. ಪ್ರಕಟಣೆ ಕಳಿಸುವವರು ಸಂಘದ ಸದಸ್ಯರಾಗಿದ್ದು, ಮರಿಗಳು ಅವರ ಮನೆಯಲ್ಲೇ ಹುಟ್ಟಿದವಾಗಿರಬೇಕು.
2. 2017ರ ನಿಯಮದಂತೆ ಪಡೆದ ನೋಂದಣಿ ಸಂಖ್ಯೆಯನ್ನು ಪ್ರಕಟಣೆಯಲ್ಲಿ ಕಾಣಿಸಬೇಕು.
3. ಮರಿಗಳು ಹುಟ್ಟಿದ ತಾರೀಖು, ಲಸಿಕೆ ಹಾಕಿಸಿದ ತಾರೀಖು ಬರೆದು, ಪಶುವೈದ್ಯರ ಸಹಿಯುಳ್ಳ ಕಾರ್ಡಿನ ಪ್ರತಿಯನ್ನು ಕಚೇರಿಗೆ ಕೊಡಬೇಕು.
4. ಕೊಳ್ಳುವವರು ಮನೆಗೆ ಬಂದು ತಾಯಿ ನಾಯಿಯನ್ನು ನೋಡಲು ಒಪ್ಪಿರಬೇಕು.
5. ಸಾಕಲಾಗದೆ ಹಿಂದಿರುಗಿಸಿದ ನಾಯಿಯನ್ನು ತೆಗೆದುಕೊಳ್ಳುವುದಾಗಿ ಬರೆದುಕೊಡಬೇಕು.

ನಾಡು ನಾಯಿಯ ಮರಿಗಳನ್ನು ಹಣವಿಲ್ಲದೆ ಕೊಡುವವರಿಗೆ ಎರಡನೆಯ ಷರತ್ತು ಅನ್ವಯಿಸದು. ಅವರ ಪ್ರಕಟಣೆಯನ್ನು ಶುಲ್ಕವಿಲ್ಲದೆ ಅಚ್ಚು ಮಾಡಬೇಕೆಂಬುದೂ ನಮ್ಮ ಸೂಚನೆ. ಈ ಷರತ್ತುಗಳು ಹೆಚ್ಚಾದವೆನ್ನುವವರು, ಇನ್ನೂ ಬಿಗಿ ಮಾಡಬೇಕೆನ್ನುವವರು ಇಬ್ಬರೂ ಸಭೆಗೆ ಒಂದು ವಾರ ಮುಂಚಿತವಾಗಿ ತಮ್ಮ ಅಭಿಪ್ರಾಯವನ್ನು ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಸಭೆ ತೀರ್ಮಾನಿಸುವವರೆಗೆ ಕಚೇರಿಗೆ ಬಂದಿರುವ ನಾಯಿ ಮರಿಗಳ ಪ್ರಕಟಣೆಗಳನ್ನು ತಡೆಹಿಡಿಯಲಾಗಿದೆ.

— ಕಾರ್ಯದರ್ಶಿ